ಕಂಪ್ಯೂಟರ್ ತೆರೆಯುವ ಮೊದಲು: ಪ್ರೌಢಶಾಲೆಯ ಮಕ್ಕಳಿಗೆ ರೋಬೋಟ್ ಕಲಿಸಿದ ನನ್ನ ಅನುಭವ

ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ. 8 ಮತ್ತು 9ನೇ ತರಗತಿಯ ಮಕ್ಕಳಿಗೆ ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ರೋಬೋಟ್ ಕಟ್ಟುವುದನ್ನೂ ಅದಕ್ಕೆ ಪ್ರೋಗ್ರಾಂ ಬರೆಯುವುದನ್ನೂ ಕಲಿಸುತ್ತ ಬಂದಿದ್ದೇನೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಿಂದ ಆಯ್ದ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಾಲಯ, ಕಟ್ಟಿಕೊಳ್ಳಲು 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿದೆ. ನಮ್ಮಲ್ಲಿ ಅಂಥ ಲ್ಯಾಬ್ ಇಲ್ಲ. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದುಕೊಂಡು, ಗುಂಪೊಂದಕ್ಕೆ ಸುಮಾರು 1,500 ರೂಪಾಯಿಯೊಳಗೆ ಕೆಲಸ ನಡೆಸಿಕೊಂಡಿದ್ದೇವೆ. ಸಿದ್ಧ ಕಿಟ್‌ಗಳ ಬದಲು ಬಿಡಿಭಾಗಗಳನ್ನು ಕೊಳ್ಳಲು ಹಣವೊಂದೇ ಕಾರಣವಲ್ಲ. ಕಿಟ್‌ನ ಪುಸ್ತಿಕೆಯಲ್ಲಿರುವ ಚಿತ್ರಗಳನ್ನು ನೋಡಿ ಜೋಡಿಸಿದ ರೋಬೋಟ್ ಮೊದಲ ದಿನವೇ ಓಡುತ್ತದೆ, ಆದರೆ ಅದು ಏಕೆ ಓಡಿತು ಎಂದು ಕೇಳಿದರೆ ಜೋಡಿಸಿದವರಲ್ಲಿ ಉತ್ತರವಿರುವುದಿಲ್ಲ.

ಮೊದಲ ಕೆಲವು ವಾರ ನಾನು ಕಂಪ್ಯೂಟರ್ ಕೊಠಡಿಯ ಬೀಗವನ್ನೇ ತೆಗೆಯುವುದಿಲ್ಲ. ಆರಂಭ ಆಗುವುದು ಶಾಲೆಯ ಅಂಗಳದಲ್ಲಿ. ಒಬ್ಬ ವಿದ್ಯಾರ್ಥಿ ರೋಬೋಟ್ ಆಗಿ ನಿಲ್ಲುತ್ತಾನೆ, ಇನ್ನೊಬ್ಬಳು ಚೀಟಿಯಲ್ಲಿ ಬರೆದ ಆದೇಶಗಳನ್ನು ಒಂದೊಂದಾಗಿ ಓದುತ್ತಾಳೆ, ಧ್ವಜಸ್ತಂಭದ ಕಟ್ಟೆಯನ್ನು ಸುತ್ತಿ ಬರಬೇಕು ಎಂಬುದು ಲೆಕ್ಕ. ‘ಬಲಕ್ಕೆ ತಿರುಗು’ ಎಂದಷ್ಟೇ ಬರೆದ ಗುಂಪಿನ ರೋಬೋಟ್ ತಿರುಗುತ್ತಲೇ ಇರುತ್ತದೆ, ಏಕೆಂದರೆ ಎಷ್ಟು ತಿರುಗಬೇಕು ಎಂದು ಯಾರೂ ಹೇಳಿಲ್ಲ. ಇದು ನನ್ನ ಕಲ್ಪನೆಯ ಆಟವೇನಲ್ಲ. 1967ರಲ್ಲಿ ಅಮೆರಿಕದಲ್ಲಿ ವಾಲಿ ಫೂರ್ಟ್ಸೈಗ್, ಸೈಮೂರ್ ಪ್ಯಾಪರ್ಟ್ ಮತ್ತು ಸಿಂಥಿಯಾ ಸೊಲೊಮನ್ ಅವರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಮುಂದೆ ಆ ಭಾಷೆಯ ಆದೇಶಗಳಿಂದ ನೆಲದ ಮೇಲೆ ಚಲಿಸುವ ‘ಆಮೆ’ ರೋಬೋಟುಗಳು ಬಂದವು. ಆಮೆಗೆ ದಾರಿ ತೋಚದಿದ್ದಾಗ ಮಗು ತಾನೇ ಆಮೆಯಾಗಿ ನಡೆದು ನೋಡಬೇಕು ಎಂಬುದು ಪ್ಯಾಪರ್ಟ್ ಅವರ ಸಲಹೆಯಾಗಿತ್ತು. ಅಷ್ಟು ಹಳೆಯದಾದರೂ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಸಿಕ್ಕಿಲ್ಲ.

ಆಮೇಲೆ ಮೋಟಾರಿಗೆ ಬರುತ್ತೇವೆ. ಅಂಗಡಿಯವರು ಬಿಓ ಮೋಟಾರ್ ಎಂದು ಕರೆಯುವ ಹಳದಿ ಬಣ್ಣದ ಗೇರ್ ಮೋಟಾರನ್ನು ಪ್ರತಿ ಗುಂಪೂ ಒಮ್ಮೆ ಬಿಚ್ಚಿ ಒಳಗಿನ ಹಲ್ಲುಚಕ್ರಗಳನ್ನು ನೋಡಲೇಬೇಕು. ಒಳಗಿನ ಪುಟ್ಟ ಮೋಟಾರ್ 48 ಸುತ್ತು ತಿರುಗಿದಾಗ ಹೊರಗಿನ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಕಳೆದುಕೊಂಡು ಬಲ ಪಡೆಯುವ ಈ ವ್ಯವಹಾರವನ್ನು, ಗೇರ್ ಇರುವ ಮತ್ತು ಇಲ್ಲದಿರುವ ಮೋಟಾರಿನ ಕಡ್ಡಿಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಲು ಯತ್ನಿಸಿದ ಮಗುವಿಗೆ ಮತ್ತೆ ವಿವರಿಸಬೇಕಾಗಿಲ್ಲ. ಬ್ಯಾಟರಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮೋಟಾರ್ ಹಿಂದಕ್ಕೆ ತಿರುಗುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಆ ಅದಲುಬದಲನ್ನು ಕೈಯಿಂದ ಮಾಡದೆ ಸ್ವಿಚ್‌ನಿಂದ ಮಾಡುವುದು ಹೇಗೆ ಎಂಬ ಪ್ರಶ್ನೆ ಇಟ್ಟು, ಆರು ಕಾಲುಗಳ ಡಿಪಿಡಿಟಿ ಸ್ವಿಚ್‌ಗಳನ್ನು ಕೊಡುತ್ತೇನೆ. ಎದುರುಬದುರು ಮೂಲೆಯ ಕಾಲುಗಳನ್ನು ಅಡ್ಡಡ್ಡ ಜೋಡಿಸಿ ಬೆಸುಗೆ ಹಾಕಿದರೆ ಒಂದು ಸ್ವಿಚ್ ಒಂದು ಮೋಟಾರನ್ನು ಮುಂದಕ್ಕೂ ಹಿಂದಕ್ಕೂ ಓಡಿಸುತ್ತದೆ. ಎರಡು ಸ್ವಿಚ್, ಎರಡು ಮೋಟಾರ್, ಮುಂಭಾಗಕ್ಕೆ ಎತ್ತ ಬೇಕಾದರೂ ಹೊರಳುವ ಒಂದು ಕ್ಯಾಸ್ಟರ್ ಚಕ್ರ, ಪ್ಲೈವುಡ್ ತುಂಡಿನ ಚಾಸಿ, ನಾಲ್ಕು ಪೆನ್ಸಿಲ್ ಸೆಲ್, ಉದ್ದನೆಯ ತಂತಿ, ಇಷ್ಟರಲ್ಲಿ ಕೈಯಲ್ಲಿ ಹಿಡಿದು ಓಡಿಸುವ ಕಾರು ಸಿದ್ಧವಾಗುತ್ತದೆ. ಅದರಲ್ಲಿ ಪ್ರೋಗ್ರಾಂ ಇಲ್ಲ, ಆದರೆ ಒಂದು ಚಕ್ರ ಮುಂದಕ್ಕೆ ಇನ್ನೊಂದು ಹಿಂದಕ್ಕೆ ತಿರುಗಿದರೆ ಗಾಡಿ ನಿಂತಲ್ಲೇ ತಿರುಗುತ್ತದೆ ಎಂಬುದು ಬೆರಳುಗಳಿಗೆ ಅಭ್ಯಾಸವಾಗಿಬಿಡುತ್ತದೆ. ಮುಂದೆ ಎಲ್298ಎನ್ ಮೋಟಾರ್ ಡ್ರೈವರ್ ಕೊಟ್ಟಾಗ, ನೀವು ಬೆರಳಿನಿಂದ ಒತ್ತುತ್ತಿದ್ದ ಆ ಎರಡು ಸ್ವಿಚ್‌ಗಳ ಕೆಲಸವನ್ನೇ ಇದು ಮಾಡುತ್ತದೆ ಎಂದರೆ ಸಾಕಾಗುತ್ತದೆ.

ವಿದ್ಯುತ್ ಪೂರೈಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಹೊಸದಾಗಿ ಶುರುಮಾಡುವ ಶಿಕ್ಷಕರು ಕೈಚೆಲ್ಲುವುದು ಬಹುಮಟ್ಟಿಗೆ ಇಲ್ಲಿಯೇ. ನಾವು ಬರೆದ ಪ್ರೋಗ್ರಾಂ ಇಟ್ಟುಕೊಂಡು ಮೋಟಾರುಗಳನ್ನು ನಡೆಸುವ ಆರ್ಡುಯಿನೋ ಎಂಬ ಪುಟ್ಟ ಬೋರ್ಡಿನ ಜೊತೆ ಚೌಕಾಕಾರದ 9 ವೋಲ್ಟ್ ಬ್ಯಾಟರಿ ಕೊಡುವ ವಾಡಿಕೆ ಇದೆ. ಬೋರ್ಡಿಗಷ್ಟೇ ಆದರೆ ಅದು ಸರಿ. ಎರಡು ಮೋಟಾರುಗಳು ಒಟ್ಟಿಗೆ ಹೊರಡುವ ಕ್ಷಣದಲ್ಲಿ ಬೇಕಾಗುವ ಕರೆಂಟನ್ನು ಒದಗಿಸುವ ಶಕ್ತಿ ಅದಕ್ಕಿಲ್ಲ. ಆಗ ವೋಲ್ಟೇಜ್ ಕುಸಿದು, ಬೋರ್ಡ್ ರೀಸೆಟ್ ಆಗಿ, ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೆ. ಮತ್ತೆ ಮೋಟಾರ್ ಹೊರಡುತ್ತದೆ, ಮತ್ತೆ ರೀಸೆಟ್. ನೋಡುವವರಿಗೆ ರೋಬೋಟ್ ಬಿಕ್ಕಳಿಸುತ್ತಿರುವಂತೆ ಕಾಣುತ್ತದೆ, ಮಕ್ಕಳೋ ತಮ್ಮ ಪ್ರೋಗ್ರಾಂ ತಪ್ಪಿದೆ ಎಂದುಕೊಂಡು ಸರಿಯಾಗಿಯೇ ಇರುವ ಸಾಲುಗಳನ್ನು ತಿದ್ದಿ ಕೆಡಿಸುತ್ತಾರೆ. ಇದಕ್ಕೆ ಮಲ್ಟಿಮೀಟರ್ ಮದ್ದು. ಮೋಟಾರ್ ನಿಂತಿರುವಾಗ ಎಷ್ಟು ವೋಲ್ಟ್, ಹೊರಡುವಾಗ ಎಷ್ಟು ಎಂದು ಅಳೆದು ಬರೆದ ಗುಂಪಿಗೆ ಬ್ಯಾಟರಿಯ ಆಂತರಿಕ ರೋಧದ ಪಾಠ ಅಲ್ಲೇ ಆಗುತ್ತದೆ. ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ ಎಂಬುದನ್ನೂ ಹೀಗೇ ಅಳೆದು ತಿಳಿಯುತ್ತಾರೆ. ನಾಲ್ಕು ಸೆಲ್‌ಗಳ 6 ವೋಲ್ಟ್ ಕೊಟ್ಟರೆ ಮೋಟಾರಿಗೆ ತಲುಪುವುದು 4 ವೋಲ್ಟ್ ಮಾತ್ರ. ಅದಕ್ಕಾಗಿ ಈ ಹಂತದಲ್ಲಿ 3.7 ವೋಲ್ಟ್‌ನ ಎರಡು 18650 ಲಿಥಿಯಂ ಸೆಲ್‌ಗಳಿಗೆ ಬದಲಾಯಿಸುತ್ತೇನೆ. ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ ಅವುಗಳ ಚಾರ್ಜಿಂಗ್ ಮತ್ತು ಬೀರುವಿನ ಕೀಲಿಕೈ ಎರಡೂ ನನ್ನ ಬಳಿಯೇ ಇರುತ್ತವೆ. ಮಕ್ಕಳು ಎಷ್ಟು ಬೇಡಿಕೊಂಡರೂ ಇದರಲ್ಲಿ ಸಡಿಲಿಕೆ ಇಲ್ಲ. ಮೋಟಾರಿಗೊಂದು ಬೋರ್ಡಿಗೊಂದು ಬೇರೆ ಬೇರೆ ಬ್ಯಾಟರಿ ಇಟ್ಟವರು ಎರಡರ ಗ್ರೌಂಡ್ (ಋಣ) ತಂತಿಗಳನ್ನು ಕೂಡಿಸಿದ್ದಾರೆಯೇ ಎಂದು ಮೊದಲು ನೋಡಬೇಕು. ಕೂಡಿಸದಿದ್ದರೆ ಬೋರ್ಡ್ ಕಳಿಸಿದ ಸಂಕೇತಕ್ಕೆ ಡ್ರೈವರ್ ಸರಿಯಾಗಿ ಓಗೊಡುವುದಿಲ್ಲ.

ಇಷ್ಟಾದ ಮೇಲೆ ಕಂಪ್ಯೂಟರ್. ಆರ್ಡುಯಿನೋ 2005ರಲ್ಲಿ ಇಟಲಿಯ ಇವ್ರಿಯಾದ ಒಂದು ವಿನ್ಯಾಸ ಸಂಸ್ಥೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಬೋರ್ಡ್. ಅದರ ವಿನ್ಯಾಸ ಎಲ್ಲರಿಗೂ ಮುಕ್ತವಾಗಿರುವುದರಿಂದ ಕಡಿಮೆ ಬೆಲೆಯ ಪ್ರತಿಗಳು ನಮ್ಮಂಥ ಶಾಲೆಗಳಿಗೂ ಸಿಗುತ್ತವೆ. ಆ ಪ್ರತಿಗಳಲ್ಲಿ ಸಾಮಾನ್ಯವಾಗಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಅದರ ಡ್ರೈವರ್ ಸಾಫ್ಟ್‌ವೇರ್ ಹಾಕದಿದ್ದರೆ ಬೋರ್ಡ್ ಕಾಣಿಸುವುದೇ ಇಲ್ಲ, ಆದ್ದರಿಂದ ತರಗತಿಯ ಹಿಂದಿನ ದಿನವೇ ಅದನ್ನು ಮುಗಿಸಿಕೊಳ್ಳುವುದು ಲೇಸು. ಪರದೆಯ ಮೇಲೆ ಆದೇಶಗಳ ಬ್ಲಾಕ್‌ಗಳನ್ನು ಎಳೆದು ಜೋಡಿಸುವ ವಿಧಾನದಿಂದ ಶುರುಮಾಡಿ ಬೇಗನೆ ಬರೆಯುವ ವಿಧಾನಕ್ಕೆ ಬರುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಆದೇಶಗಳು ಕಷ್ಟವಾಗುತ್ತವೆ ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಕಷ್ಟವಾದದ್ದು ಆದೇಶಗಳಲ್ಲ, ಅರ್ಧವಿರಾಮ ಚಿಹ್ನೆ ಮತ್ತು ಆವರಣಗಳು. ರೋಬೋಟ್ ಏನು ಮಾಡಬೇಕೆಂಬುದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಹಂತಹಂತವಾಗಿ ಬರೆದು ನನಗೆ ತೋರಿಸಿದವರಿಗಷ್ಟೇ ಕೀಬೋರ್ಡ್ ಸಿಗುತ್ತದೆ ಎಂಬ ನಿಯಮದಿಂದ ಆ ತೊಡಕೂ ಕಡಿಮೆಯಾಯಿತು.

ಮೊದಲ ಪ್ರೋಗ್ರಾಂ ರೋಬೋಟನ್ನು 3 ಸೆಕೆಂಡು ನೇರವಾಗಿ ಓಡಿಸುವುದು. ಅದು ನೇರವಾಗಿ ಓಡುವುದಿಲ್ಲ. “ಮೇಡಂ, ಇದು ಬಲಕ್ಕೇ ಎಳೀತೈತೆ” ಎಂಬ ಮಾತು ಕೇಳುವುದಕ್ಕೇ ನಾನು ಕಾದಿರುತ್ತೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ಇಡೀ ತರಗತಿಯ ತಿರುಳು ಇಲ್ಲಿದೆ. ಎರಡು ಮೋಟಾರುಗಳಿಗೆ ಒಂದೇ ಆದೇಶ ಹೋಗಿದೆ, ಆದರೂ ಒಂದು ತುಸು ವೇಗವಾಗಿ, ಇನ್ನೊಂದು ತುಸು ನಿಧಾನವಾಗಿ ತಿರುಗುತ್ತದೆ. ಆಗ ಪ್ರೋಗ್ರಾಂ ತಿದ್ದಲು ಬಿಡದೆ ಅಳತೆಪಟ್ಟಿ ಕೊಡುತ್ತೇನೆ. ಚಕ್ರದ ವ್ಯಾಸ 65 ಮಿಲಿಮೀಟರ್, ಆದ್ದರಿಂದ ಒಂದು ಸುತ್ತಿಗೆ ಸುಮಾರು 20.4 ಸೆಂಟಿಮೀಟರ್, ಚಕ್ರಕ್ಕೆ ಚುಕ್ಕೆ ಇಟ್ಟು, ಗಾಡಿಯನ್ನು ಎತ್ತಿ ಹಿಡಿದು, ಎಡ ಬಲ ಚಕ್ರಗಳ ಸುತ್ತುಗಳನ್ನು ಬೇರೆ ಬೇರೆ ಎಣಿಸುತ್ತಾರೆ. ವೇಗದ ಅಂಕಿಯನ್ನು 0ಯಿಂದ 255ರವರೆಗೆ ಕೊಡಬಹುದಾದ್ದರಿಂದ 100, 150, 200, 255 ಎಂದು ಬದಲಾಯಿಸುತ್ತ, ನೆಲದ ಮೇಲೆ ಓಡಿದ ದೂರವನ್ನು ಅಳೆದು ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತಾರೆ. ಅಂಕಿ ತೀರ ಕಡಿಮೆಯಾದರೆ ಮೋಟಾರ್ ಗುಂಯ್ಗುಟ್ಟುತ್ತದೆಯೇ ಹೊರತು ತಿರುಗುವುದಿಲ್ಲ, ಹಾಗಾಗಿ ಗ್ರಾಫಿನ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ. ಇದೇಕೆ ಹೀಗೆ ಎಂದು ಕೇಳಿದಾಗ ಘರ್ಷಣೆಯ ಹೆಸರು ಮಕ್ಕಳ ಬಾಯಿಂದಲೇ ಬರುತ್ತದೆ. ಅಂತೂ ವೇಗದ ಮೋಟಾರಿಗೆ 200 ಇದ್ದಲ್ಲಿ 188 ಕೊಟ್ಟು ಗಾಡಿಯನ್ನು ನೇರ ಮಾಡಿ ಸಂಭ್ರಮಿಸುತ್ತಾರೆ. ಬ್ಯಾಟರಿ ಇಳಿದ ಮೇಲೆ ಅದೇ ಗಾಡಿ ಮತ್ತೆ ಓರೆಯಾಗುತ್ತದೆ, ಸಿಮೆಂಟ್ ನೆಲದಿಂದ ಗ್ರಾನೈಟ್ ನೆಲಕ್ಕೆ ಹೋದರೂ ಓರೆಯಾಗುತ್ತದೆ. ಕುರುಡಾಗಿ ಓಡುವ ಯಂತ್ರಕ್ಕೆ ಎಷ್ಟೇ ಸರಿಯಾದ ಅಂಕಿ ಕೊಟ್ಟರೂ ಸಾಲದು, ತಾನೆಲ್ಲಿದ್ದೇನೆ ಎಂದು ಅದಕ್ಕೆ ತಿಳಿಯಬೇಕು ಎಂಬ ತೀರ್ಮಾನಕ್ಕೆ ಬಂದ ಗುಂಪಿಗೆ ಮಾತ್ರ ಸೆನ್ಸರ್ ಕೊಡುತ್ತೇನೆ. ಈ ಹಂತವನ್ನು ಅವಸರದಲ್ಲಿ ದಾಟಿಸಿದ ತರಬೇತಿಗಳನ್ನು ನೋಡಿದ್ದೇನೆ. ಅಲ್ಲಿ ಸೆನ್ಸರ್ ಎಂಬುದು ಗಾಡಿಗೆ ಅಂಟಿಸುವ ಅಲಂಕಾರವಾಗಿ ಉಳಿಯುತ್ತದೆ.

ಗೆರೆಯನ್ನು ಹಿಂಬಾಲಿಸುವ ರೋಬೋಟಿಗೆ ನೆಲವಾಗಿ ನಾವು ಬಳಸುವುದು ಹಳೆಯ ಫ್ಲೆಕ್ಸ್ ಬ್ಯಾನರಿನ ಬಿಳಿಯ ಹಿಂಬದಿ. ಹುಟ್ಟುಹಬ್ಬದ ಶುಭಾಶಯಗಳಿಗೆ ನಮ್ಮೂರಿನಲ್ಲಿ ಬರವಿಲ್ಲ. ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಗೆರೆ. ಸೆನ್ಸರ್ ಕಳಿಸಿದ ಇನ್ಫ್ರಾರೆಡ್ ಬೆಳಕು ಬಿಳಿಯಿಂದ ಹಿಂದಿರುಗುತ್ತದೆ, ಕಪ್ಪಿನಲ್ಲಿ ಬಹುಪಾಲು ಹೀರಿಹೋಗುತ್ತದೆ. ಗೆರೆಯ ಎರಡೂ ಬದಿಗೆ ಒಂದೊಂದು ಸೆನ್ಸರ್ ಇಟ್ಟರೆ ಉಂಟಾಗುವ ಸ್ಥಿತಿಗಳು ನಾಲ್ಕೇ: ಎರಡಕ್ಕೂ ಬಿಳಿ ಕಂಡರೆ ನೇರ, ಎಡಕ್ಕೆ ಕಪ್ಪು ಕಂಡರೆ ಎಡಕ್ಕೆ, ಬಲಕ್ಕೆ ಕಂಡರೆ ಬಲಕ್ಕೆ, ಎರಡಕ್ಕೂ ಕಂಡರೆ ನಿಲ್ಲು. ಈ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಮಕ್ಕಳೇ ತುಂಬುತ್ತಾರೆ, ಪ್ರೋಗ್ರಾಂ ಎಂದರೆ ಆ ಕೋಷ್ಟಕವೇ. ಕಿಟಕಿಯಿಂದ ಬಿಸಿಲು ಬಿದ್ದ ಕಡೆ ಗಾಡಿ ದಾರಿ ತಪ್ಪುತ್ತದೆ, ಸೂರ್ಯನ ಬೆಳಕಿನಲ್ಲಿಯೂ ಇನ್ಫ್ರಾರೆಡ್ ಇದೆಯಲ್ಲ. ಸೆನ್ಸರಿನ ಮೇಲಿರುವ ಪುಟ್ಟ ನೀಲಿ ತಿರುಪನ್ನು ಆಯಾ ಜಾಗದಲ್ಲೇ ಹೊಂದಿಸಿಕೊಳ್ಳಬೇಕು.

ಅಲ್ಟ್ರಾಸಾನಿಕ್ ಸೆನ್ಸರಿಗೆ 9ನೇ ತರಗತಿಯ ಪ್ರತಿಧ್ವನಿಯ ಪಾಠ ಸಾಕು. ಎಚ್‌ಸಿ-ಎಸ್ಆರ್04 ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಶಬ್ದ ಕಳಿಸಿ, ಅದು ಮರಳಿ ಬರುವ ಕಾಲವನ್ನು ಹೇಳುತ್ತದೆ. ಕಾಲ 1,160 ಮೈಕ್ರೋಸೆಕೆಂಡ್ ಆದರೆ, ಮೈಕ್ರೋಸೆಕೆಂಡಿಗೆ 0.034 ಸೆಂಟಿಮೀಟರಿನಂತೆ ಗುಣಿಸಿ, ಹೋಗಿ ಬಂದ ದಾರಿಯಾದ್ದರಿಂದ 2ರಿಂದ ಭಾಗಿಸಿದರೆ ಗೋಡೆ ಸುಮಾರು 20 ಸೆಂಟಿಮೀಟರ್ ದೂರದಲ್ಲಿದೆ. ಗೋಡೆಯೆದುರು ಚೆನ್ನಾಗಿ ನಿಲ್ಲುವ ರೋಬೋಟ್ ದುಪ್ಪಟ್ಟಾ ಅಥವಾ ಸ್ವೆಟರಿನೆದುರು ನಿಲ್ಲದೆ ಹೋಗುವುದುಂಟು, ಏಕೆಂದರೆ ಮೆತ್ತನೆಯ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ. ಓರೆಯಾಗಿಟ್ಟ ರಟ್ಟು ಶಬ್ದವನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತದೆ.

ಗುಂಪಿನಲ್ಲಿ ಮೂವರಿಗಿಂತ ಹೆಚ್ಚು ಜನ ಬೇಡ. ನಾಲ್ಕನೆಯವರು ನೋಡುತ್ತ ಕೂರುತ್ತಾರೆ. ಮೂವರಲ್ಲಿ ಒಬ್ಬರಿಗೆ ಜೋಡಣೆ, ಒಬ್ಬರಿಗೆ ಪ್ರೋಗ್ರಾಂ, ಒಬ್ಬರಿಗೆ ಅಳತೆ ಮತ್ತು ದಾಖಲೆ. ಬಿಟ್ಟರೆ ಹುಡುಗರು ಸ್ಕ್ರೂಡ್ರೈವರ್ ಹಿಡಿದುಕೊಂಡು, ಅಕ್ಷರ ಚೆಂದ ಎಂಬ ನೆಪದಲ್ಲಿ ಹುಡುಗಿಯರ ಕೈಗೆ ನೋಟ್‌ಬುಕ್ ಕೊಟ್ಟುಬಿಡುತ್ತಾರೆ. ಆದ್ದರಿಂದ ಪ್ರತಿ ಶನಿವಾರ ಕೆಲಸ ಬದಲಾಗಲೇಬೇಕೆಂದು ಹಲಗೆಯ ಮೇಲೆ ಸರದಿ ಬರೆದಿಡುತ್ತೇನೆ. ಬೆಸುಗೆ ಹಾಕುವುದರಲ್ಲಿ ನಮ್ಮಲ್ಲಿ ಈಗ ಮುಂದಿರುವವರು ಹುಡುಗಿಯರೇ. ದೋಷ ಬಂದಾಗ ನನ್ನನ್ನು ಕರೆಯುವ ಮೊದಲು ನೋಡಬೇಕಾದ ಕ್ರಮವೂ ಗೋಡೆಯ ಮೇಲಿದೆ: ಮೊದಲು ಬ್ಯಾಟರಿಯ ವೋಲ್ಟೇಜ್, ಆಮೇಲೆ ಸಡಿಲ ತಂತಿ, ಆಮೇಲೆ ಸೆನ್ಸರ್ ಕೊಡುವ ಅಂಕಿ, ಎಲ್ಲಕ್ಕಿಂತ ಕೊನೆಗೆ ಪ್ರೋಗ್ರಾಂ.

ವರ್ಷದ ಕೊನೆಯಲ್ಲಿ, ವಾರ್ಷಿಕ ಪರೀಕ್ಷೆಗೆ ಮುಂಚೆ, ಎಲ್ಲ ರೋಬೋಟುಗಳನ್ನೂ ಬಿಚ್ಚಿಸುತ್ತೇನೆ. ಪ್ರದರ್ಶನಕ್ಕೆ ಒಂದನ್ನಾದರೂ ಉಳಿಸಿ ಎಂದು ಮುಖ್ಯ ಶಿಕ್ಷಕರು ಕೇಳುತ್ತಾರೆ, ಮಕ್ಕಳೂ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಬರುವ ವರ್ಷದವರಿಗೆ ಓಡುವ ರೋಬೋಟಿನ ಬದಲು ಬಿಡಿಭಾಗಗಳೇ ಸಿಗಬೇಕು ಎಂಬ ಮಾತಿನಿಂದ ನಾನು ಹಿಂದೆ ಸರಿದಿಲ್ಲ. ಬಿಚ್ಚಿದ ಮೋಟಾರುಗಳನ್ನು ಒಂದೇ ವೋಲ್ಟೇಜಿನಲ್ಲಿ ತಿರುಗಿಸಿ, ಸುತ್ತು ಎಣಿಸಿ, ಬಿಳಿ ಪ್ಲಾಸ್ಟರಿನ ಮೇಲೆ ಅಂಕಿ ಬರೆದು ಡಬ್ಬಿಗೆ ಹಾಕುತ್ತಾರೆ. ವೇಗ ಹೊಂದುವ ಮೋಟಾರುಗಳನ್ನು ಜೋಡಿ ಮಾಡಿ ಇಡೋಣ, ಚಿಕ್ಕವರಿಗೆ ಸುಲಭವಾಗುತ್ತದೆ ಎಂದು ಈ ಸಲ ಒಬ್ಬ ಹುಡುಗ ಕೇಳಿದ. ಬೇಡ, ಬೆರೆಸಿಯೇ ಇಡು ಎಂದೆ.