ಸೈನ್ ಅಂದರೆ ಬರೀ ಸಹಿಯಲ್ಲ

ಅನುವಾದಕ್ಕೆ ಕೂತ ಹೊಸತರಲ್ಲಿ ‘ನೋ ಸೈನ್ ಆಫ್ ಲೈಫ್’ ಅನ್ನೋದನ್ನು ‘ಜೀವದ ಸಹಿ ಇರಲಿಲ್ಲ’ ಎಂದು ಬರೆದುಕೊಟ್ಟಿದ್ದೆ. ತಿದ್ದಿದವರು ಅಂಚಿನಲ್ಲಿ ಒಂದು ದೊಡ್ಡ ಆಶ್ಚರ್ಯಸೂಚಕ ಹಾಕಿ ವಾಪಸ್ ಕಳಿಸಿದರು. ಬೇಕಿದ್ದದ್ದು ಇಷ್ಟೇ: ‘ಜೀವ ಇದ್ದ ಸುಳಿವೇ ಇರಲಿಲ್ಲ.’

ಅವತ್ತಿನಿಂದ ಸೈನ್ ಕಂಡರೆ ಮೊದಲು ಕೇಳಿಕೊಳ್ಳುವುದು: ಇದು ಯಾರೋ ಬೇಕೆಂದೇ ಮಾಡಿದ್ದೋ, ತಾನಾಗಿ ಕಾಣಿಸಿಕೊಂಡದ್ದೋ? ಬೇಕೆಂದೇ ಮಾಡಿದ್ದಾದರೆ ಕಾಗದದ ಮೇಲೆ ಸಹಿ, ಕೈಯಲ್ಲಿ ಸನ್ನೆ, ರಸ್ತೆ ಬದಿಯಲ್ಲಿ ಫಲಕ, ಗಣಿತದಲ್ಲಿ ಚಿಹ್ನೆ. (ಸಮ ಚಿಹ್ನೆಯನ್ನು 1557ರಲ್ಲಿ ಬಳಕೆಗೆ ತಂದವನು ವೇಲ್ಸಿನ ಗಣಿತಜ್ಞ ರಾಬರ್ಟ್ ರೆಕಾರ್ಡ್. ಸಮಾನಾಂತರ ಗೆರೆಗಳಷ್ಟು ಸಮವಾದ ಜೋಡಿ ಇನ್ನೊಂದಿಲ್ಲ ಅನ್ನೋದು ಅವನ ವಾದ. ಒಪ್ಪಲೇಬೇಕು!) ತಾನಾಗಿ ಕಂಡದ್ದಾದರೆ ಕುರುಹು, ಸುಳಿವು, ಲಕ್ಷಣ. ಎಷ್ಟೋ ಸಲ ನಾಮಪದವೇ ಬೇಡ. ‘ಮಳೆಯ ಚಿಹ್ನೆಗಳಿವೆ’ ಎಂದು ಯಾರು ಮಾತಾಡ್ತಾರೆ? ‘ಮಳೆ ಬರೋ ಹಾಗಿದೆ’ ಅಂದರೆ ಮುಗಿಯಿತು.

ಕೈಕೊಡುವುದು ವೈದ್ಯಕೀಯ ಬರಹ. ಅಲ್ಲಿ ಸೈನ್ ಬೇರೆ, ಸಿಂಪ್ಟಮ್ ಬೇರೆ; ನಾವು ಎರಡಕ್ಕೂ ಲಕ್ಷಣ ಎಂದುಬಿಡುತ್ತೇವೆ. ತಲೆನೋವು ರೋಗಿಗಷ್ಟೇ ಗೊತ್ತು, ಅದು ಸಿಂಪ್ಟಮ್. ಚರ್ಮದ ಮೇಲಿನ ದದ್ದು ವೈದ್ಯರ ಕಣ್ಣಿಗೂ ಬೀಳುತ್ತದೆ, ಅದು ಸೈನ್. ಎರಡೂ ಒಂದೇ ವಾಕ್ಯದಲ್ಲಿ ಬಂದರೆ ನಾನು ‘ರೋಗಿ ಹೇಳುವ ತೊಂದರೆ’, ‘ಪರೀಕ್ಷೆಯಲ್ಲಿ ಕಂಡ ಲಕ್ಷಣ’ ಎಂದು ಬಿಡಿಸುತ್ತೇನೆ. ಉದ್ದವಾಗುತ್ತದೆ, ಆಗಲಿ.

ಜ್ಯೋತಿಷ್ಯದಲ್ಲಿ ಸೈನ್ ಅಂದರೆ ರಾಶಿ. ತ್ರಿಕೋನಮಿತಿಯ ಸೈನ್ ಮಾತ್ರ ಬೇರೆಯೇ ಪದ, ಈ ಸೈನ್‌ಗೆ ನೆಂಟನೂ ಅಲ್ಲ. ಕನ್ನಡದಲ್ಲಿ ಬರೆದಾಗ ಮಾತ್ರ ಅವಳಿ.