ಹದಿನೈದು ದಿನಕ್ಕೆ ಬಾಕಿ ಮುಚ್ಚಿ: ಬಿ.ಕಾಂ. ಮುಗಿದ ಮೇಲಿನ ಆತಂಕವನ್ನು ನಾನು ಹಿಡಿತಕ್ಕೆ ತಂದ ಬಗೆ

ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೆಲಸ ಹುಡುಕಬಾರದು. ಉತ್ತರ ಬಾರದ ಅರ್ಜಿಯನ್ನು ಹದಿನೈದನೆಯ ದಿನ ಕೆಂಪು ಗೆರೆ ಎಳೆದು ಮುಚ್ಚಬೇಕು. ರಾತ್ರಿ ಮೊಬೈಲ್ ಕೈಗೆ ಸಿಗಬಾರದು. ಈ ಮೂರು ಕಟ್ಟುಪಾಡು ಹಾಕಿಕೊಂಡಾಗ ಬೆಂಗಳೂರಿನ ದಾಸರಹಳ್ಳಿಯ ಪಿಜಿಯಲ್ಲಿ ಜೊತೆಗಿದ್ದವರು, ‘ಹೀಗಾದರೆ ನಿನಗೆ ಕೆಲಸ ಸಿಕ್ಕ ಹಾಗೆಯೇ’ ಎಂದರು. ದಾವಣಗೆರೆಯಿಂದ ದೊಡ್ಡಪ್ಪ ಫೋನ್ ಮಾಡಿ, ‘ಬ್ಯಾಂಕ್ ಪರೀಕ್ಷೆಗೆ ಓದು ಎಂದರೆ ಕೇಳಲಿಲ್ಲ, ಈಗ ನೋಟ್‌ಬುಕ್ ಬರೆಯುತ್ತಾ ಕುಳಿತಿದ್ದೀಯಲ್ಲಮ್ಮ’ ಎಂದು ನೊಂದುಕೊಂಡರು. ಈಗ ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಎರಡನೆಯ ವರ್ಷ ನಡೆಯುತ್ತಿದೆ. ಅದೇ ಪಿಜಿಯ ಹುಡುಗಿಯರು ನನ್ನ ನೋಟ್‌ಬುಕ್ ಕೇಳಿ ನಕಲು ಮಾಡಿಕೊಂಡಿದ್ದಾರೆ. ಅವರಲ್ಲಿ ಇಬ್ಬರಿಗೆ ಕೆಲಸವೂ ಆಯಿತು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಮೂರು ನಾಲ್ಕು ತಿಂಗಳು ಎಲ್ಲರ ಹಾಗೆಯೇ ಬೆಳಗಿನಿಂದ ರಾತ್ರಿಯವರೆಗೆ ನೌಕ್ರಿ, ಲಿಂಕ್ಡ್‌ಇನ್ ಎಂದು ದಿನಕ್ಕೆ ನಲವತ್ತು ಐವತ್ತು ಅರ್ಜಿ ಹಾಕಿದೆ. ಬಂದ ಬೆರಳೆಣಿಕೆಯ ಕರೆಗಳೆಲ್ಲ ವಿಮೆ ಮಾರುವ ಕೆಲಸಕ್ಕೆ. ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾಗಿ ಮೇಲ್ ನೋಡುವುದು, ಎದೆ ಡವಡವ ಎನ್ನುವುದು, ಬೆಳಗ್ಗೆ ಅಮ್ಮನ ಫೋನ್ ಎತ್ತಲು ಹಿಂಜರಿಯುವುದು. ಪಿಜಿಗೆ ಊಟ ಸೇರಿ ತಿಂಗಳಿಗೆ ಆರೂವರೆ ಸಾವಿರ, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮತ್ತು ಜಿಎಸ್‌ಟಿ ಕೋರ್ಸಿಗೆ ಹನ್ನೆರಡು ಸಾವಿರದಷ್ಟು. ಕೋರ್ಸಿನ ದುಡ್ಡು ದಂಡವಾಗಲಿಲ್ಲ. ಆದರೆ ಕೆಲಸ ಕೊಡಿಸುತ್ತೇವೆಂದು ‘ನೋಂದಣಿ ಶುಲ್ಕ’ ಪಡೆದ ಒಂದು ಕನ್ಸಲ್ಟೆನ್ಸಿಗೆ ಹೋದ ಎಂಟು ಸಾವಿರ, ಅಮ್ಮ ಚೀಟಿ ಎತ್ತಿ ಕಳಿಸಿದ ಹಣ, ವಾಪಸು ಬರಲೇ ಇಲ್ಲ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.

2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ, ಕೆಲಸವಿಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ಭತ್ಯೆ ಕೊಡುವ ಯುವನಿಧಿ ನಮ್ಮ ಬ್ಯಾಚಿನಿಂದಲೇ ಶುರುವಾಯಿತು. ತಿಂಗಳಿಗೆ 3,000 ರೂಪಾಯಿ ಪಿಜಿ ಬಾಡಿಗೆಯ ಅರ್ಧದಷ್ಟನ್ನು ಹೊತ್ತಿತು. ಆದರೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಪ್ರತಿ ತಿಂಗಳು ನಾವೇ ಘೋಷಿಸಬೇಕಿತ್ತು. ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಅದೇ ದಿನವನ್ನು ನನ್ನ ತಿಂಗಳ ಲೆಕ್ಕ ಮುಗಿಸುವ ದಿನ ಮಾಡಿಕೊಂಡೆ: ಘೋಷಣೆ ಸಲ್ಲಿಸುವುದು, ಹಳೆಯ ಬಾಕಿ ಮುಚ್ಚುವುದು, ಸಂಜೆ ಗೆಳತಿಯ ಜೊತೆ ಹೊರಗೆ ಊಟ.

ನೋಟ್‌ಬುಕ್ಕಿನಲ್ಲಿ ನಾಲ್ಕೇ ಅಂಕಣ: ತಾರೀಖು, ಸಂಸ್ಥೆ, ಮಾತನಾಡಿದವರು, ಮುಂದೇನು. ನಾವೆಲ್ಲ ಬಿಆರ್‌ಎಸ್ (ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕದ ಲೆಕ್ಕಕ್ಕೂ ತಾಳೆ ನೋಡುವ ಪಟ್ಟಿ) ಮಾಡಿದವರು. ಚೆಕ್ ಇನ್ನೂ ಪಾಸಾಗಿಲ್ಲವೆಂದು ಯಾರೂ ಅಳುವುದಿಲ್ಲ, ಬಾಕಿ ಎಂದು ತೋರಿಸಿ ಮುಂದಿನ ಸಾಲಿಗೆ ಹೋಗುತ್ತೇವೆ. ಅರ್ಜಿಗಳನ್ನೂ ಹಾಗೆಯೇ ಬರೆದಿಟ್ಟ ಮೇಲೆ ಅವು ತಲೆಯಲ್ಲಿ ಸುತ್ತುವುದು ನಿಂತಿತು. ಕೆಂಪು ಗೆರೆ ಎಳೆದದ್ದಕ್ಕೆ ಆಮೇಲೆ ಕರೆ ಬಂದರೆ ಹೊಸ ನಮೂದು. ಹಾಗೆ ಒಂದೆರಡು ಬಂದವು ಕೂಡ.

ನಿಜವಾದ ತಿರುವು ಸಿಕ್ಕಿದ್ದು ತಾರೀಖುಗಳಿಂದ. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಮುರಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ ಕಟ್ಟುವ ಜಿಎಸ್‌ಟಿಆರ್-3ಬಿ. ಈ ದಿನಗಳಲ್ಲಿ ಲೆಕ್ಕಪತ್ರದವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ನಾನು ತಿಂಗಳ ಮೊದಲ ವಾರ ಅರ್ಜಿ ಕಳಿಸಿ, ಹತ್ತರಂದು ಉತ್ತರವಿಲ್ಲವೆಂದು ಕೊರಗುತ್ತಿದ್ದೆ. ಅವರ ಮೌನಕ್ಕೂ ನನ್ನ ಯೋಗ್ಯತೆಗೂ ಸಂಬಂಧವೇ ಇರಲಿಲ್ಲ! ಅಂದಿನಿಂದ 21ರಿಂದ ತಿಂಗಳ ಕೊನೆಯವರೆಗೆ ಮಾತ್ರ ಹೊರಡುತ್ತಿದ್ದೆ, ಅದೂ ನೇರವಾಗಿ: ಪೀಣ್ಯದ ಕಾರ್ಖಾನೆಗಳು, ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಗಳು, ಗಾಂಧಿನಗರದ ಲೆಕ್ಕ ಪರಿಶೋಧಕರ ಕಚೇರಿಗಳು. ಬಿಎಂಟಿಸಿಯಲ್ಲಿ ಮಹಿಳೆಯರಿಗಿರುವ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದ್ದುದರಿಂದ ಓಡಾಟಕ್ಕೆ ಖರ್ಚಿಲ್ಲ. ಹವಾನಿಯಂತ್ರಿತ ವಜ್ರ ಬಸ್ಸಿಗೆ ಮಾತ್ರ ಅದು ನಡೆಯುವುದಿಲ್ಲ. ಪೀಣ್ಯದಲ್ಲಿ ಗೇಟು ದಾಟಲು ಕಾವಲುಗಾರರಿಗೆ ಏನು ಹೇಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಂಗಿ ಈ ವರ್ಷ ಹುಡುಕಾಟಕ್ಕೆ ಇಳಿಯುತ್ತಿದ್ದಾಳೆ, ಅದು ಅವಳಿಗೆ ಇರಲಿ.

ನಡುವೆ ಏನೇನೋ ಪ್ರಯೋಗಗಳೂ ನಡೆದವು. ಕಾಫಿ ಬಿಟ್ಟೆ; ತಲೆನೋವು ಬಂತೇ ಹೊರತು ಆತಂಕ ಹೋಗಲಿಲ್ಲ. ಧ್ಯಾನದ ಆ್ಯಪ್ ಒಂದು ವಾರವೂ ನಡೆಯಲಿಲ್ಲ. ಮೊಬೈಲನ್ನು ಪಿಜಿ ಆಂಟಿಯ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬರುವುದು ಫಲಿಸಿತು, ಹತ್ತು ದಿನದೊಳಗೆ ನಿದ್ದೆ ಕುದುರಿತು. ಮನಸ್ಸು ತೀರಾ ಕುಸಿದ ಒಂದು ರಾತ್ರಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಹಗಲುರಾತ್ರಿ ಸಿಗುವ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಿದರು. ನಾಚಿಕೆಪಡದೆ ಬಳಸಿ.

ಸಂದರ್ಶನದ ನಡುಕ ಬೇರೆಯೇ ರೋಗ. ಒಂದು ಕಡೆ ಟ್ಯಾಲಿಯಲ್ಲಿ ಖರೀದಿ ಬಿಲ್ ನಮೂದಿಸಲು ಕೊಟ್ಟರು, ಯಜಮಾನರು ಹಿಂದೆ ಬಂದು ನಿಂತರು. ಬೆರಳು ಖರೀದಿ ನಮೂದಿನ ಎಫ್9 ಕೀಲಿಯ ಮೇಲೆ ಹೋಗಲೇ ಇಲ್ಲ, ಒಳ ರಾಜ್ಯದ ಬಿಲ್ಲಿಗೆ ಹೊರ ರಾಜ್ಯದ ವ್ಯವಹಾರಕ್ಕೆ ಹಾಕುವ ಐಜಿಎಸ್‌ಟಿ ಹಾಕಿಬಿಟ್ಟೆ. ಆಮೇಲೆ ದಿನವೂ ಸಂಜೆ ಗೆಳತಿಯನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಇಪ್ಪತ್ತು ಬಿಲ್ ಹೊಡೆಯುತ್ತಿದ್ದೆ. ಅವಳು ಬೇಕೆಂದೇ ಗಡಿಯಾರ ನೋಡಬೇಕು, ನಿಟ್ಟುಸಿರು ಬಿಡಬೇಕು, ‘ಇನ್ನೂ ಆಗಲಿಲ್ಲವೇ?’ ಎನ್ನಬೇಕು. ಮೂರು ವಾರಕ್ಕೆ ಕೈ ಪಳಗಿತು. ಪೀಣ್ಯದಲ್ಲಿ ಎರಡು ಪುಟದ ಬಿಆರ್‌ಎಸ್ ಕೊಟ್ಟಾಗ ಹಿಂದೆ ಇಬ್ಬರು ನಿಂತಿದ್ದರು. ಅರ್ಧ ಗಂಟೆಯೊಳಗೆ ತಾಳೆ ಮಾಡಿಕೊಟ್ಟೆ. ಶುರುವಿನ ಸಂಬಳ ಹದಿನೆಂಟು ಸಾವಿರ, ಈಗ ಇಪ್ಪತ್ತೆರಡು ದಾಟಿದೆ.

ಈಗ ಹೊರಡುವವರು ಮಾರ್ಚ್ ಕೊನೆಯ ವಾರ ಮಾತ್ರ ಯಾರ ಬಾಗಿಲಿಗೂ ಹೋಗಬೇಡಿ, ವರ್ಷಾಂತ್ಯದ ಗಡಿಬಿಡಿ. ಲೆಕ್ಕ ಪರಿಶೋಧಕರ ಕಚೇರಿಗಳಿಗಾದರೆ ಮೇ ಕೊನೆಯಲ್ಲಿ ಹೋಗಿ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೆಲಸ ಏರುವ ಮುಂಚೆ ಅವರಿಗೇ ಜನ ಬೇಕಾಗಿರುತ್ತಾರೆ.