ಒಂದು ಮುಖಪುಟಕ್ಕೆ ಎಷ್ಟು ಮಂದಿ ಒಡೆಯರು

2024ರ ಮೇ ತಿಂಗಳಲ್ಲಿ ಮಂಗಳೂರಿನ ಬಲ್ಮಠದಲ್ಲಿ ಮಗ್‌ಗಳ ಮೇಲೆ ಅಚ್ಚು ಹಾಕಿಕೊಡುವ ನನ್ನ ಅಂಗಡಿಗೆ ಒಬ್ಬರು ಹೆಣ್ಣುಮಗಳು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಹಳದಿಗಟ್ಟಿದ ಪತ್ರಿಕೆ. ದಿನಾಂಕ 28 ಮೇ 1964. ನೆಹರೂ ತೀರಿಕೊಂಡ ಮರುದಿನದ ಸಂಚಿಕೆ. ಅವರ ತಂದೆ ಹುಟ್ಟಿದ್ದು ಮೇ 27ರಂದು. ಅಜ್ಜಿ ಆ ಪತ್ರಿಕೆಯನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರಂತೆ. ‘ಅಪ್ಪನ ಷಷ್ಟ್ಯಬ್ದಿಗೆ ಬಂದವರಿಗೆಲ್ಲ ಈ ಪುಟದ ಒಂದೊಂದು ಮಗ್ ಕೊಡಬೇಕು’ ಎಂದರು. ನಲವತ್ತು ಮಗ್ ಮಾಡಿಕೊಟ್ಟೆ. ಉಳಿದ ಒಂದನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟೆ.

ಅದನ್ನು ನೋಡಿದವರು ನಿಂತು ಕೇಳತೊಡಗಿದರು. ತಿಂಗಳೊಳಗೆ ‘ಹುಟ್ಟಿದ ದಿನದ ಮುಖಪುಟ’ ಎಂದು ಬೋರ್ಡು ಬರೆಸಿದೆ. ಗುಜರಿ ಅಂಗಡಿಗಳಿಂದ, ಪರಿಚಯದವರ ಅಟ್ಟಗಳಿಂದ ಹಳೆಯ ಪತ್ರಿಕೆಗಳನ್ನು ತಂದು ಸ್ಕ್ಯಾನ್ ಮಾಡಿಕೊಂಡೆ. ಚೌತಿಯ ಹೊತ್ತಿಗೆ ನೂರಕ್ಕಿಂತ ಹೆಚ್ಚು ಮಗ್‌ಗಳು ಹೋಗಿದ್ದವು. ನವರಾತ್ರಿಗೆ ಮೊದಲು, ಈಗಲೂ ನಡೆಯುತ್ತಿರುವ ಒಂದು ಪತ್ರಿಕೆಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂತು: ಮಾರಾಟ ನಿಲ್ಲಿಸಿ, ಉಳಿದ ಸರಕಿನ ಲೆಕ್ಕ ಕೊಡಿ.

ನನಗೆ ನಿಜವಾಗಿ ನೋವಾಯಿತು. ಪತ್ರಿಕೆ ಓದಿ ಬೆಳೆದವನು ನಾನು. ಅದರ ಮರ್ಯಾದೆ ಹೆಚ್ಚಿಸುವ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಸ್ನೇಹಿತರು ಸಮಾಧಾನಕ್ಕೆ ಬಂದರು. ‘ಹಳೆಯ ಪೇಪರಿಗೆ ಎಲ್ಲಿಯ ಕಾಪಿರೈಟ್’ ಎಂದರು ಒಬ್ಬರು. ‘ಮೂವತ್ತು ಶೇಕಡಾ ಬದಲಿಸಿದರೆ ಸಾಕು’ ಎಂದರು ಇನ್ನೊಬ್ಬರು. ಅಂಥ ಶೇಕಡಾವಾರು ಲೆಕ್ಕ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಇರುವುದು ಇದು: 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯ 63ನೆಯ ಕಲಮಿನ ಪ್ರಕಾರ, ತಿಳಿದೂ ಉಲ್ಲಂಘಿಸಿದವರಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭದ ಉದ್ದೇಶವಿಲ್ಲದವರಿಗೆ ನ್ಯಾಯಾಲಯ ಕಡಿಮೆ ಮಾಡಬಹುದು, ನನ್ನದು ವ್ಯಾಪಾರ.

ನನಗೆ ದಾರಿ ತೋರಿಸಿದವರು ಒಬ್ಬ ಹಿರಿಯ ವಕೀಲರು. 1964ರ ಆ ಪುಟದ ನಕಲನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋದರು. ಮೇಲಿನ ಪತ್ರಿಕೆಯ ಹೆಸರಿನ ಸುತ್ತ ಒಂದು ಚೌಕ. ದೊಡ್ಡ ಚಿತ್ರಕ್ಕೆ ಒಂದು. ಹೆಸರಿಲ್ಲದ ಸುದ್ದಿಗಳಿಗೆ ಒಂದು. ಹೆಸರು ಹಾಕಿ ಬರೆದ ಶ್ರದ್ಧಾಂಜಲಿಗೆ ಇನ್ನೊಂದು. ಕೆಳಗಿನ ಜಾಹೀರಾತುಗಳಿಗೆ ಮತ್ತೊಂದು. ‘ಒಂದು ಹಾಳೆ ಎಂದು ನೀವು ತಿಳಿದಿದ್ದೀರಿ. ಇದು ವಠಾರ. ಪ್ರತಿ ಕೋಣೆಯಲ್ಲಿ ಬೇರೆ ಬೇರೆಯವರಿದ್ದಾರೆ’ ಎಂದರು. ಆ ಪೆನ್ಸಿಲ್ ಗೆರೆಗಳ ಹಾಳೆಯನ್ನು ಇಂದಿಗೂ ಹೀಟ್ ಪ್ರೆಸ್ಸಿನ ಮೇಲಿನ ಗೋಡೆಗೆ ಅಂಟಿಸಿಟ್ಟಿದ್ದೇನೆ.

ಕೋಣೆಕೋಣೆಯ ಲೆಕ್ಕವೂ ಬೇರೆ. ಹೆಸರಿರುವ ಲೇಖನಕ್ಕೆ ಬರೆದವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕಿರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ನಿಧನರಾದದ್ದು 1963ರಲ್ಲಿ. ಆದ್ದರಿಂದ ಅವರ ಬದುಕಿನ ಕಾಲದಲ್ಲಿ ಅಚ್ಚಾದ ಬರಹ 2024ರ ಜನವರಿ 1ರಿಂದ ಎಲ್ಲರದು. ಮಂಗಳೂರಿನ ‘ರಾಷ್ಟ್ರಬಂಧು’ವಿನ ಸಂಪಾದಕರಾಗಿದ್ದ ಕಡೆಂಗೋಡ್ಲು ಶಂಕರಭಟ್ಟರು ತೀರಿಕೊಂಡದ್ದು 1968ರಲ್ಲಿ, ಅವರ ಬರಹಕ್ಕೆ 2028 ಮುಗಿಯುವ ತನಕ ಕೇಳಲೇಬೇಕು. ಬರೆದವರ ಗುರುತು ಹೊರಬಾರದ ಅನಾಮಧೇಯ ಬರಹಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಆ ಹೆಣ್ಣುಮಗಳ ಪುಟದ ಸುದ್ದಿಗಳು 2024ರ ಡಿಸೆಂಬರ್ 31ಕ್ಕೆ ಬಿಡುಗಡೆಯಾಗಬೇಕಿದ್ದವು. ನಾನು ಏಳು ತಿಂಗಳು ಮೊದಲೇ ಅಚ್ಚು ಹಾಕಿದ್ದೆ. ಆ ಪತ್ರಿಕೆ ಎಂದೋ ಮುಚ್ಚಿಹೋಗಿದೆ ಎಂಬುದು ನನ್ನ ಧೈರ್ಯವಾಗಿತ್ತು. ಪತ್ರಿಕೆ ನಿಂತ ಮಾತ್ರಕ್ಕೆ ಹಕ್ಕು ನಿಲ್ಲುವುದಿಲ್ಲ.

ಛಾಯಾಚಿತ್ರದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಮೊದಲು ಅದಕ್ಕೆ ಪ್ರಕಟಣೆಯಿಂದ ಎಣಿಸುವ ಪ್ರತ್ಯೇಕ ಲೆಕ್ಕವಿತ್ತು; 2012ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಈಗ ಚಿತ್ರಕ್ಕೂ ತೆಗೆದವರ ಆಯುಸ್ಸಿನ ಮೇಲೆ 60 ವರ್ಷ.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು 17ನೆಯ ಕಲಮು. ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ವರದಿ, ತೆಗೆದ ಚಿತ್ರ ಮಾಲೀಕರದು ಎಂದು ನಾವೆಲ್ಲ ತಿಳಿದಿರುತ್ತೇವೆ. ಕಾಯಿದೆ ಹಾಗೆ ಪೂರ್ತಿಯಾಗಿ ಹೇಳುವುದಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಮಾಲೀಕರ ಹಕ್ಕು ಪತ್ರಿಕೆಯಲ್ಲಿ, ನಿಯತಕಾಲಿಕದಲ್ಲಿ ಪ್ರಕಟಿಸುವಷ್ಟಕ್ಕೆ ಮಾತ್ರ. ಉಳಿದೆಲ್ಲ ವಿಷಯದಲ್ಲಿ ಬರೆದವರೇ ಮೊದಲ ಒಡೆಯರು. ಮಗ್ ಪತ್ರಿಕೆಯಲ್ಲ, ಟೀ ಶರ್ಟೂ ಪತ್ರಿಕೆಯಲ್ಲ. ಅಂದರೆ ಪತ್ರಿಕಾ ಕಚೇರಿಯ ಒಪ್ಪಿಗೆ ತಂದ ಮೇಲೂ ವರದಿಗಾರರ, ಛಾಯಾಗ್ರಾಹಕರ ಬಾಗಿಲು ತಟ್ಟಬೇಕಾಗಬಹುದು. ನೌಕರಿಯ ಕರಾರು ಏನು ಹೇಳುತ್ತದೆ ಎಂದು ಕೇಳದೆ ನಾನು ಈಗ ಯಾವ ಪುಟವನ್ನೂ ಮುಟ್ಟುವುದಿಲ್ಲ.

ಮಗ್ ಮಾಡುವವರಿಗಷ್ಟೇ ಗೊತ್ತಿರುವ ಒಂದು ಸಂಗತಿ ಇದೆ. ದಿನಪತ್ರಿಕೆಯ ಪುಟ ಅರ್ಧ ಮೀಟರಿಗಿಂತ ಎತ್ತರ; ಮಗ್ಗಿನ ಮೇಲೆ ನಮಗೆ ಸಿಗುವುದು ಸುಮಾರು ಒಂಬತ್ತು ಸೆಂಟಿಮೀಟರ್. ಸುದ್ದಿಯ ಅಕ್ಷರಗಳು ಸಾಸಿವೆಯಾಗಿ ಹೋಗುತ್ತವೆ. ಕಣ್ಣಿಗೆ ಬೀಳುವುದು ಪತ್ರಿಕೆಯ ಹೆಸರು, ದೊಡ್ಡ ಶೀರ್ಷಿಕೆ, ಚಿತ್ರ ಈ ಮೂರೇ. ಗಿರಾಕಿ ದುಡ್ಡು ಕೊಡುವುದೂ ಅವಕ್ಕೇ. ಅದರಲ್ಲಿ ಹೆಸರಿನ ವಿನ್ಯಾಸ ಟ್ರೇಡ್‌ಮಾರ್ಕ್ ಆಗಿರುತ್ತದೆ, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಸುದ್ದಿ ಹಳೆಯದಾಯಿತು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಉಳಿದ ಮಗ್‌ಗಳನ್ನು ಲೆಕ್ಕ ಮಾಡಿ, ಪೆಟ್ಟಿಗೆಗೆ ತುಂಬಿ, ಆ ಪತ್ರಿಕೆಯ ಕಚೇರಿಗೆ ನಾನೇ ಹೋದೆ. ಮಾಡಿದ್ದನ್ನು ಹಾಗೆಯೇ ಹೇಳಿದೆ. ಎರಡು ಗಂಟೆ ಮಾತಾಡಿ ಹೊರಗೆ ಬರುವಾಗ ಮೂರು ಮುಖಪುಟಗಳಿಗೆ ಅನುಮತಿ ಕೊಡುವ ಮಾತಾಯಿತು, ಮಾರಿದ ಪ್ರತಿ ಮಗ್ಗಿಗೆ ಇಷ್ಟು ಎಂದು. ಬರವಣಿಗೆಯಲ್ಲಿ ಬೇಕು ಎಂದು ಪಟ್ಟು ಹಿಡಿದವನು ನಾನೇ. ಕಾರಣವಿದೆ: ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು ಐದು ವರ್ಷ ಎಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ತಿಳಿಯುತ್ತದೆ. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ದುಬೈ, ಮಸ್ಕತ್, ಕುವೈತ್‌ನಲ್ಲಿರುವ ನಮ್ಮೂರಿನವರು. ಆ ಒಂದು ಸಾಲು ಇಲ್ಲದಿದ್ದರೆ ಅವರಿಗೆ ಪಾರ್ಸೆಲ್ ಕಳಿಸುವುದೇ ತಪ್ಪಾಗುತ್ತಿತ್ತು. ಜಾಹೀರಾತುಗಳ ಜಾಗವನ್ನು ಖಾಲಿ ಬಿಟ್ಟೆವು. ಅದರ ಗೋಜು ಬೇಡವೆಂದು ಇಬ್ಬರಿಗೂ ಅನಿಸಿತು.

ಹಕ್ಕಿನ ತಕರಾರಿಲ್ಲದ ದಾರಿಗಳೂ ಇವೆ, ನನ್ನ ವ್ಯಾಪಾರ ಈಗ ಹೆಚ್ಚಾಗಿ ಅವುಗಳ ಮೇಲೆಯೇ ನಿಂತಿದೆ. ಅಸಲಿ ಹಳೆಯ ಪತ್ರಿಕೆಯನ್ನೇ ಕೊಂಡು, ಚೌಕಟ್ಟು ಹಾಕಿ ಮಾರಬಹುದು; ಒಮ್ಮೆ ಮಾರಾಟವಾದ ಪ್ರತಿಯನ್ನು ಮತ್ತೆ ಮಾರಲು ಅಡ್ಡಿಯಿಲ್ಲ. ನಡೆದ ಘಟನೆಗೆ ಯಾರೂ ಒಡೆಯರಲ್ಲ, ಆದ್ದರಿಂದ ಹುಟ್ಟಿದ ದಿನದ ಸಂಗತಿಗಳನ್ನು ನನ್ನದೇ ಮಾತಿನಲ್ಲಿ ಬರೆದು, ನನ್ನದೇ ವಿನ್ಯಾಸದ ಪುಟ ಮಾಡಿಕೊಡುತ್ತೇನೆ. ಮೂರನೆಯದು ನನಗೆ ಎಲ್ಲಕ್ಕಿಂತ ಪ್ರೀತಿಯದು: 1843ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’. ಕನ್ನಡದ ಮೊದಲ ಪತ್ರಿಕೆ. ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಹಾಗಾಗಿ ಕಾಪಿರೈಟಿನ ಪ್ರಶ್ನೆ ಇಲ್ಲ. ಆದರೂ ಪ್ರತಿ ಇಟ್ಟುಕೊಂಡಿದ್ದ ಗ್ರಂಥಾಲಯದ ಒಪ್ಪಿಗೆ ಪಡೆದೇ ಚಿತ್ರ ತೆಗೆದುಕೊಂಡೆ, ಪೋಸ್ಟರಿನ ಅಡಿಯಲ್ಲಿ ಅವರ ಹೆಸರು ಹಾಕಿದೆ.

ಅನುಮತಿ ಸಿಕ್ಕ ಮೂರು ಪುಟಗಳಲ್ಲಿ ಒಂದು 1984ರ ಉಡುಪಿ ಪರ್ಯಾಯದ್ದು. ಮೆರವಣಿಗೆಯ ಚಿತ್ರ ತೆಗೆದವರು ನೌಕರರಲ್ಲ, ಚಿತ್ರಕ್ಕಿಷ್ಟು ಎಂದು ಪಡೆಯುತ್ತಿದ್ದವರು. ಉಡುಪಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಬಿಸ್ಕತ್ತಿನ ಡಬ್ಬಿಯಿಂದ ನೆಗೆಟಿವ್ ಪಟ್ಟಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ‘ಇಷ್ಟು ವರ್ಷದಲ್ಲಿ ಕೇಳಿಕೊಂಡು ಬಂದವರು ನೀವೊಬ್ಬರೇ ಮಾರಾಯರೇ’ ಎಂದರು. ಹಣದ ಮಾತು ಬೇಗ ಮುಗಿಯಿತು. ಹೆಸರು ಹಾಕುತ್ತೇನೆ ಎಂದೆ. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎನ್ನುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ ಎಂದು ವಕೀಲರು ಹೇಳಿದ್ದರು. ಛಾಯಾಗ್ರಾಹಕರು ನನ್ನ ಮಾದರಿ ಮಗ್ಗನ್ನು ಕೈಯಲ್ಲಿ ತಿರುಗಿಸಿ, ಕನ್ನಡಕ ಏರಿಸಿಕೊಂಡು ನೋಡಿದರು. ಪತ್ರಿಕೆಯ ಹೆಸರಿಗೆ ಜಾಗ ಮಾಡಲು ಚಿತ್ರದ ಎಡಬದಿಯನ್ನು ನಾನು ಕತ್ತರಿಸಿದ್ದೆ.

‘ಮೇನೆ ಹೊತ್ತವರಲ್ಲಿ ಇಬ್ಬರ ಮುಖ ಹೋಗಿದೆ. ಅವರನ್ನು ಬಿಟ್ಟು ಹಾಕಬೇಡಿ.’

ಊರಿಗೆ ಬಂದು ವಿನ್ಯಾಸ ಬದಲಿಸಿದೆ. ಪತ್ರಿಕೆಯ ಹೆಸರು ಈಗ ಮೇಲೆ ಸಣ್ಣದಾಗಿದೆ, ಚಿತ್ರ ಮಗ್ಗಿನ ಸುತ್ತ ಪೂರ್ತಿ ಹರಡಿದೆ, ಕೊನೆಯವನ ಹೆಗಲು ಹಿಡಿಯ ಹತ್ತಿರ ಬರುತ್ತದೆ.